ಮಿರಗ ಕೂಡಿದ ಮೇಲೆ ಕಡಲಿಗೆ ಇಳಿಯುವವರಿಗೆ

ಚಿಕ್ಕಂದಿನಲ್ಲಿ ಸಾಂಗ್ಲಿ ಸೀಮೆಯ ಸಮಡೋಳಿಯ ನಮ್ಮ ಹೊಲದ ಬಾವಿಗೆ ನನ್ನನ್ನು ಇಳಿಸುವಾಗ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟುತ್ತಿದ್ದರು, ಹುಡುಗ ಮುಳುಗಬಾರದು ಅಂತ. ನಲವತ್ತು ದಾಟಿದ ಮೇಲೆ ಅದೇ ಬೆನ್ನಿಗೆ ರೊಕ್ಕ ಕೊಟ್ಟು ಸಿಲಿಂಡರ್ ಕಟ್ಟಿಸಿಕೊಂಡೆ, ಸರಿಯಾಗಿ ಮುಳುಗಲಿ ಅಂತ. ಅವ್ವನಿಗೆ ಈ ಲೆಕ್ಕ ಇನ್ನೂ ತಿಳಿದಿಲ್ಲ.

ಮಳೆಗಾಲದಲ್ಲೇ ಯಾಕೆ ಹೋಗಬೇಕು ಅಂತ ಕೇಳುವವರು ಕಬ್ಬು ಬೆಳೆದವರಲ್ಲ. ದೀಪಾವಳಿ ಆಯಿತೆಂದರೆ ಗಳಿತದ, ಅಂದರೆ ಕಬ್ಬು ಅರೆಯುವ, ಹಂಗಾಮು, ಕಬ್ಬು ಕಡಿಯುವ ಟೋಳಿ, ಟ್ರ್ಯಾಕ್ಟರು, ಕಾರಖಾನೆ ಕಾಟಾದ ಮುಂದಿನ ಸಾಲು. ಬೇಸಿಗೆಯಲ್ಲಿ ನೀರಿನ ಪಾಳಿ, ಮದುವೆಗಳು. ಸಾಂಗ್ಲಿ ಸೀಮೆಯ ರೈತನಿಗೆ ಕೈ ಬಿಡುವಾಗುವುದು ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿ ಕಬ್ಬು ತನ್ನಷ್ಟಕ್ಕೆ ಏಳುವಾಗಲೇ. ಹಾಗಾಗಿ ಮಳೆಯಲ್ಲೇ ಸ್ಕೂಬಾ ಮಾಡುವುದು ಹೇಗೆ ಅಂತ ನಾಲ್ಕಾರು ವರ್ಷ ಒದ್ದಾಡಿ ಕಲಿತದ್ದು ಇಷ್ಟು.

1. ಮಳೆಗೆ ಅಂಜಬೇಡಿ, ಗಾಳಿಗೆ ಅಂಜಿ

ನೀರಿನೊಳಗೆ ಹೋಗುವವನಿಗೆ ಮೇಲಿನ ಮಳೆ ಏನು ಮಾಡೀತು? ಎಂಟು ಮೀಟರ್ ಆಳದಲ್ಲಿ ಅಂಗಾತ ತಿರುಗಿ ಒಮ್ಮೆ ಮೇಲೆ ನೋಡಿದ್ದೆ. ಕಡಲಿನ ಚಾವಣಿಯ ತುಂಬ ಹಂಚಿನಲ್ಲಿ ಜೋಳದ ಅರಳು ಸಿಡಿದಂತೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ ಸಿಡಿಯುತ್ತಿದ್ದವು. ಚರಚರ ಅನ್ನುವ ಸಣ್ಣ ಸದ್ದು ಬಿಟ್ಟರೆ ನನ್ನ ಉಸಿರಿನ ಗುಳುಗುಳು ಮಾತ್ರ. ದೋಣಿಯಲ್ಲಿ ಉಳಿದವರು ತೊಯ್ದು ತೊಪ್ಪೆಯಾಗಿದ್ದರು, ನಾನೊಬ್ಬನೇ ಆರಾಮ.

ಡೈವ್ ಕೆಡಿಸುವವರು ಬೇರೆ. ಒಂದು, ಗಾಳಿ, ಅದು ಅಲೆ ಎಬ್ಬಿಸುತ್ತದೆ, ದೋಣಿ ಏರುವುದು ಇಳಿಯುವುದೇ ಅಪಾಯವಾಗುತ್ತದೆ. ಎರಡು, ಹೊಳೆ ತಂದು ಸುರಿಯುವ ಕೆಸರು. ಮೂರು, ದೂರದ ಬಿರುಗಾಳಿಯಿಂದ ಬರುವ ಉಬ್ಬಲೆ. ಆಕಾಶ ತಿಳಿಯಾಗಿದ್ದರೂ ಇದು ತಳದ ಮರಳನ್ನು ಕದಡುತ್ತದೆ. ಹವಾಮಾನ ನೋಡುವಾಗ ಎಷ್ಟು ಮಿಲಿಮೀಟರ್ ಮಳೆ ಅಂತ ನೋಡಬೇಡಿ. ಗಾಳಿ ಎಷ್ಟು, ಯಾವ ದಿಕ್ಕಿಂದ, ಅಲೆ ಎಷ್ಟು ಎತ್ತರ ಅಂತ ನೋಡಿ.

2. ಹತ್ತಿರದ ಕಡಲಿನ ಆಸೆ ಬಿಡಿ

ನಮಗೆ ಹತ್ತಿರದ್ದು ಎರಡು. ಘಟ್ಟ ಇಳಿದರೆ ಮಾಲವಣ ಮತ್ತು ತಾರ್ಕರ್ಲಿ. ಕರ್ನಾಟಕದ ಕಡೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ನೇತ್ರಾಣಿ ದ್ವೀಪ, ‘ಗಂಧದಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗಿಳಿದದ್ದನ್ನು ನೋಡಿ ನಮ್ಮ ಹುಡುಗರೆಲ್ಲ ಹೆಸರು ಕಲಿತದ್ದು. ಎರಡೂ ಅರಬ್ಬೀ ಸಮುದ್ರ. ನೈರುತ್ಯ ಮಳೆಗಾಳಿ ನೇರ ಎದೆಗೆ ಬಡಿಯುವ ದಂಡೆ. ಮಹಾರಾಷ್ಟ್ರದಲ್ಲಿ ಮೇ ಕೊನೆಯಿಂದ ಆಗಸ್ಟ್ ಮುಗಿಯುವ ತನಕ ಜಲಕ್ರೀಡೆ ಬಂದ್. ನೇತ್ರಾಣಿಯೂ ಮಳೆ ಹಿಂದೆ ಸರಿದ ಮೇಲೆಯೇ ಬಾಗಿಲು ತೆಗೆಯುವುದು. ಮೀನುಗಾರರೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಟ್ಟಿಹಾಕುತ್ತಾರೆ. ನೂಲ ಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ಕಡಲನ್ನು ಕೇಳಿಕೊಂಡೇ ಮತ್ತೆ ಇಳಿಯುತ್ತಾರೆ. ಹುಟ್ಟಿದಂದಿನಿಂದ ಅಲ್ಲೇ ಇದ್ದವರು ಸುಮ್ಮನೆ ಕೂತಿರುವಾಗ ಮಿರಜದಿಂದ ಬಂದ ನಾವು ಯಾವ ಲೆಕ್ಕ?

‘ನಾ ಕರಕೊಂಡ ಹೋಗತೇನ್ರಿ, ಯಾರಿಗೂ ಹೇಳಬ್ಯಾಡ್ರಿ’ ಅನ್ನುವವನು ಒಬ್ಬ ಸಿಕ್ಕೇ ಸಿಗುತ್ತಾನೆ. ಅವನಿಗೆ ಚಹಾ ಕುಡಿಸಿ ಕಳಿಸಿ. 2022ರ ಮೇ 24ರಂದು ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಪ್ರವಾಸಿಗರು ಜೀವ ಕಳೆದುಕೊಂಡರು. ಮಳೆಗಾಲ ಆಗ ಇನ್ನೂ ಶುರುವೇ ಆಗಿರಲಿಲ್ಲ.

3. ಗಾಳಿಗೆ ಬೆನ್ನು ಕೊಟ್ಟ ಕಡಲು ಹುಡುಕಿ

ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಗಗನಬಾವಡಾದಲ್ಲಿ ಕೊಡೆ ಮುರಿಯುವಂಥ ಮಳೆ, ಅದೇ ದಿನ ಜತ್ತದಲ್ಲಿ ದನಕ್ಕೆ ನೀರಿಲ್ಲ. ನಡುವೆ ನಿಂತದ್ದು ಸಹ್ಯಾದ್ರಿ. ಕಡಲಿಗೂ ಇದೇ ನ್ಯಾಯ.

ಶ್ರೀಲಂಕಾ ನೋಡಿ. ನೈರುತ್ಯ ಗಾಳಿಗೆ ಪಡುವಣ ಕರಾವಳಿಯ ಹಿಕ್ಕಡುವಾ ಕದಡಿಹೋದಾಗ, ಬೆಟ್ಟಗಳ ಆಚೆಗಿನ ಮೂಡಣ ದಂಡೆ ಶಾಂತ. ಮೇಯಿಂದ ಸೆಪ್ಟೆಂಬರ್ ಅಲ್ಲಿನ ಹಂಗಾಮು. ಟ್ರಿಂಕೋಮಲಿಯ ನಿಲಾವೆಲಿ ದಂಡೆಯೆದುರು ಒಂದು ‘ಪಿಜನ್ ಐಲ್ಯಾಂಡ್’ ಇದೆ. ನಮ್ಮ ನೇತ್ರಾಣಿಗೂ ಇಂಗ್ಲಿಷರು ಇಟ್ಟ ಹೆಸರು ಅದೇ. ಜುಲೈಯಲ್ಲಿ ಒಂದು ಪಾರಿವಾಳ ದ್ವೀಪಕ್ಕೆ ಬೀಗ, ಇನ್ನೊಂದರಲ್ಲಿ ಸಂತೆ. ಅಲ್ಲಿಂದ ದಕ್ಷಿಣಕ್ಕೆ, ಬಟ್ಟಿಕಲೋವಾ ಹತ್ತಿರ, 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳು ಮುಳುಗಿಸಿದ ಬ್ರಿಟಿಷ್ ವಿಮಾನವಾಹಕ ಹಡಗು ಹರ್ಮಿಸ್ ಮಲಗಿದೆ. ಅದು ಐವತ್ತು ಮೀಟರಿಗೂ ಕೆಳಗೆ. ಹೊಸಬರು ಅದರ ಕತೆ ಕೇಳಿ ಖುಷಿಪಡಬೇಕು, ಅಷ್ಟೇ.

ಥಾಯ್ಲೆಂಡಿನಲ್ಲೂ ಹೀಗೇ. ಅಂಡಮಾನ್ ಸಮುದ್ರದ ಕಡೆಯ ಸಿಮಿಲನ್ ದ್ವೀಪಗಳು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿರುತ್ತವೆ, ಕೊಲ್ಲಿಯ ಕಡೆಯ ಕೋ ಟಾವೊ ತೆರೆದಿರುತ್ತದೆ. ಬಾಲಿ ಭೂಮಧ್ಯರೇಖೆಯ ಆಚೆಗಿದೆ, ನಮ್ಮ ಆಷಾಢ ಶ್ರಾವಣ ಅಲ್ಲಿ ಒಣ ಹವೆ. ನಮ್ಮ ಅಂಡಮಾನಿಗೂ ಲಕ್ಷದ್ವೀಪಕ್ಕೂ ಇದೇ ನೈರುತ್ಯ ಗಾಳಿ ತಾಗುತ್ತದೆ. ದೇಶದೊಳಗೇ ಇವೆ, ಪಾಸ್‌ಪೋರ್ಟ್ ಬೇಡ ಅಂತ ಜುಲೈಯಲ್ಲಿ ಅಲ್ಲಿಗೆ ಓಡಬೇಡಿ.

4. ಮಾಲ್ಡೀವ್ಸ್‌ಗಾದರೆ ನಕ್ಷತ್ರ ನೋಡಿ ಹೋಗಿ

ತಮಾಷೆ ಅಲ್ಲ. ಮಾಲ್ಡೀವ್ಸಿನವರು ವರ್ಷವನ್ನು 27 ‘ನಕೈ’ಗಳಾಗಿ ಹಂಚುತ್ತಾರೆ, ಒಂದೊಂದು ಹದಿಮೂರು ಹದಿನಾಲ್ಕು ದಿನ. ಹೆಸರು ಕೇಳಿ: ರೊಆನು, ಮಿಯಾಹೆಲಿಯಾ, ಅಧಾ, ಫುನೋಸ್, ಫುಸ್, ಅಹುಲಿಹಾ, ಮಾ. ಬಾಯಲ್ಲಿ ಎರಡು ಸಲ ಹೊರಳಿಸಿದರೆ ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಹೊರಗೆ ಬೀಳುತ್ತವೆ! ನಮ್ಮ ಅಜ್ಜ ಬಿತ್ತನೆಗೆ ನೋಡಿದ ಮಳೆಗಳನ್ನೇ ಅಲ್ಲಿನ ಅಂಬಿಗ ಮೀನಿಗೆ ನೋಡುತ್ತಾನೆ. ಈ 27ರಲ್ಲಿ 18 ನಕೈ ‘ಹುಳಂಗು’, ಅಂದರೆ ನೈರುತ್ಯ ಗಾಳಿಯ ಕಾಲ. ಉಳಿದ 9 ‘ಇರುವಾಯಿ’, ಈಶಾನ್ಯದ್ದು. ತಾರೀಖು ನಮ್ಮ ಪಂಚಾಂಗಕ್ಕಿಂತ ನಾಲ್ಕೈದು ದಿನ ಆಚೀಚೆ.

ಹುಳಂಗಿನಲ್ಲಿ ಅಲ್ಲಿ ಮಳೆ ಬರುತ್ತದೆ, ನೀರು ಸ್ವಲ್ಪ ಮಬ್ಬಾಗುತ್ತದೆ, ಕೋಣೆಯ ಬಾಡಿಗೆ ಇಳಿಯುತ್ತದೆ. ಮಬ್ಬಿಗೆ ಕಾರಣ ಕೆಸರಲ್ಲ. ಆ ದ್ವೀಪಗಳಲ್ಲಿ ಹೊಳೆಯೇ ಇಲ್ಲ. ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಅಂದರೆ ಪ್ಲಾಂಕ್ಟನ್, ಹವಳವರ್ತುಲಗಳ ಮೂಡಣ ಅಂಚಿಗೆ ಬಂದು ತುಂಬುತ್ತವೆ. ಅವನ್ನು ತಿನ್ನಲು ಮಂಟಾ ರೇ ಮೀನುಗಳು ಬರುತ್ತವೆ, ಒಂದೊಂದರ ರೆಕ್ಕೆ ಚಾಚಿದರೆ ಎತ್ತಿನ ಗಾಡಿಯಷ್ಟು ಅಗಲ. ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ, ಅದರಲ್ಲೂ ಅಮಾವಾಸ್ಯೆ ಹುಣ್ಣಿಮೆಯ ಭರತಕ್ಕೆ, ಅವು ಹಿಂಡುಹಿಂಡಾಗಿ ಸೇರುತ್ತವೆ. ಒಂದು ಎಚ್ಚರ: 2012ರಿಂದ ಆ ಕೊಲ್ಲಿಯೊಳಗೆ ಸಿಲಿಂಡರ್ ಕಟ್ಟಿ ಇಳಿಯುವಂತಿಲ್ಲ, ಕೊಳವೆ ಕಚ್ಚಿ ಮೇಲೆ ತೇಲುತ್ತ ನೋಡಬೇಕು. ಸ್ಕೂಬಾಕ್ಕೆ ಅಕ್ಕಪಕ್ಕದ ದಿಬ್ಬಗಳಿವೆ. ನನ್ನನ್ನು ಕೇಳಿದರೆ ಮಾಲ್ಡೀವ್ಸ್ ನೋಡಬೇಕಾದದ್ದೇ ಮಳೆಯಲ್ಲಿ. ತಿಳಿನೀರಿನ ಫೋಟೋ ಕ್ಯಾಲೆಂಡರಿನಲ್ಲೂ ಸಿಗುತ್ತದೆ.

5. ಮೊದಲ ಪಾಠ ಊರಿಗೆ ಹತ್ತಿರದ ಕೊಳದಲ್ಲಿ

ವಿದೇಶದಲ್ಲಿ ದಿನಕ್ಕಿಷ್ಟು ಅಂತ ತೆತ್ತು ಮಾಸ್ಕ್‌ನೊಳಗಿನ ನೀರು ಊದಿ ತೆಗೆಯುವುದನ್ನು ಕಲಿಯುತ್ತ ಕೂರಬೇಡಿ. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ಸಂಸ್ಥೆ ತರಬೇತಿಗೆಂದೇ ಆಳದ ಕೊಳ ಕಟ್ಟಿದೆ. ಯಾವಾಗ ಕಲಿಸುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಪುಣೆ, ಬೆಂಗಳೂರಿನಲ್ಲೂ ಕೊಳದ ಪಾಠ ಹೇಳುವವರಿದ್ದಾರೆ.

ಈಜು ಬಾರದವರೂ ಶಿಕ್ಷಕರ ಕೈ ಹಿಡಿದು 12 ಮೀಟರ್ ತನಕ ಹೋಗಿಬರಬಹುದು. 18 ಮೀಟರಿನ ‘ಓಪನ್ ವಾಟರ್’ ಪ್ರಮಾಣಪತ್ರ ಬೇಕೆಂದರೆ 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ವಾರಣಾ ಹೊಳಿಯಲ್ಲಿ ಬೆಳೆದವರಿಗೆ ಅದೇನು ದೊಡ್ಡದು? ಆದರೆ ಹೊಳಿಯ ಈಜುಗಾರನಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಸಿಹಿನೀರಿನ ಕೊಳದಲ್ಲಿ ಸರಿಹೋದ ಸೀಸದ ತೂಕ ಉಪ್ಪುನೀರಿನಲ್ಲಿ ಸಾಲದು. ಎರಡು ಮೂರು ಕಿಲೋ ಹೆಚ್ಚು ಬೇಕಾದೀತು.

6. ನೆಗಡಿ ಇದ್ದರೆ ದೋಣಿ ಹತ್ತಬೇಡಿ

ಮಳೆಗಾಲದ ಪ್ರವಾಸ ಕೆಡುವುದು ಬಿರುಗಾಳಿಯಿಂದಲ್ಲ, ಮೂಗಿನಿಂದ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು. ಕಿವಿಯೊಳಗಿನ ಗಾಳಿ ಕುಗ್ಗುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ತುಂಬಬೇಕು. ಮೂಗು ಕಟ್ಟಿದ್ದರೆ ಆ ದಾರಿಯೇ ಬಂದ್. ನಾನೊಮ್ಮೆ ರೊಕ್ಕ ಹೋದೀತೆಂದು ಗುಳಿಗೆ ನುಂಗಿ ಇಳಿದೆ. ಇಳಿಯುವಾಗ ಸುಖ. ಅರ್ಧ ಗಂಟೆಗೆ ಗುಳಿಗೆಯ ಶಕ್ತಿ ಮುಗಿದು, ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರದಾರಿ ಇಲ್ಲದೆ ಹಣೆಯೊಳಗೆ ಯಾರೋ ಮೊಳೆ ಹೊಡೆದಂತಾಯಿತು. ಮಾಸ್ಕ್ ತೆಗೆದರೆ ಮೂಗಿಂದ ರಕ್ತ. ಎರಡು ದಿನ ಕೋಣೆಯಲ್ಲಿ ಬಿದ್ದುಕೊಂಡು ಕಿಟಕಿಯಿಂದ ಕಡಲು ನೋಡಿದೆ.

ಊದುವುದನ್ನು ನೋವು ಬರುವ ಮುಂಚೆಯೇ ಶುರು ಮಾಡಿ, ಮೀಟರಿಗೊಮ್ಮೆಯಾದರೂ. ನೋವು ಬಂದರೆ ಒಂದು ಮೀಟರ್ ಮೇಲೆ ಬನ್ನಿ. ದಮ್ಮು, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಆದವರು ಹೊರಡುವ ಮೊದಲೇ ವೈದ್ಯರ ಚೀಟಿ ತನ್ನಿ. ಅಲ್ಲಿ ಹೋಗಿ ಅರ್ಜಿಯಲ್ಲಿ ಎಲ್ಲದಕ್ಕೂ ‘ಇಲ್ಲ’ ಅಂತ ಗೀಚಬೇಡಿ.

7. ಉಸಿರು ಕಟ್ಟಬೇಡಿ

ಹೊಳಿಯ ಈಜುಗಾರನ ಕೆಟ್ಟ ಚಾಳಿ ಇದೇ. ಮುಳುಗಿದ ಕೂಡಲೇ ಉಸಿರು ಬಿಗಿಹಿಡಿಯುತ್ತಾನೆ. ಸಿಲಿಂಡರಿನ ಗಾಳಿ ತುಂಬಿದ ಪುಪ್ಪುಸ ಹೊತ್ತು ಹತ್ತು ಮೀಟರಿಂದ ಬಾಯಿ ಮುಚ್ಚಿ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ, ಪುಪ್ಪುಸ ಹರಿಯುತ್ತದೆ. ಎಳೆದು ಬಿಡಿ, ಎಳೆದು ಬಿಡಿ, ಸಾಮಾಯಿಕ ಧ್ಯಾನಕ್ಕೆ ಕೂತವರಂತೆ. ಏರುವಾಗ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಜೋರು ಬೇಡ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ.

8. ಚಳಿ ನೀರಲ್ಲಿಲ್ಲ, ದೋಣಿಯಲ್ಲಿದೆ

ಉಷ್ಣವಲಯದ ನೀರು ಮಳೆಗಾಲದಲ್ಲೂ ಬೆಚ್ಚಗೆ, 28 ಡಿಗ್ರಿಯ ಆಸುಪಾಸು. ಆದರೂ ಎರಡು ಡೈವ್‌ಗಳ ನಡುವಿನ ಒಂದು ಗಂಟೆ ತೊಯ್ದ ಮೈಗೆ ಗಾಳಿ ಬಡಿದರೆ ಹಲ್ಲು ಕಟಕಟ ಅನ್ನುತ್ತವೆ. ಇಲ್ಲಿ ಮೆತ್ತನೆಯ ಟವೆಲ್ ಕೆಲಸಕ್ಕೆ ಬರುವುದಿಲ್ಲ. ಹೊಲಕ್ಕೆ ಹಾಕುವ ರೇನ್‌ಕೋಟ್ ಒಯ್ಯಿರಿ, ಗಾಳಿ ತಡೆಯುವುದು ಅದೇ. ಒಂದು ಮಂಕಿ ಕ್ಯಾಪ್, ಫ್ಲಾಸ್ಕಿನಲ್ಲಿ ಚಹಾ. ನಗುವವರು ನಗಲಿ, ಹತ್ತು ನಿಮಿಷಕ್ಕೆ ಅವರೇ ಟೊಪ್ಪಿಗೆ ಕೇಳುತ್ತಾರೆ.

9. ವಾಂತಿಗೆ ಹಿಂದಿನ ರಾತ್ರಿಯೇ ಔಷಧ

ದೋಣಿ ಅಲ್ಲಾಡಿದ ಮೇಲೆ ಗುಳಿಗೆ ನುಂಗಿದರೆ ಗುಳಿಗೆಯೇ ಮೊದಲು ಹೊರಬರುತ್ತದೆ. ರಾತ್ರಿ ಒಂದು ನುಂಗಿ. ನಿದ್ದೆ ಬರಿಸುವಂಥದ್ದು ಬೇಡ ಅಂತ ವೈದ್ಯರಿಗೆ ಹೇಳಿ. ಶುಂಠಿಯೂ ಒಳ್ಳೆಯದು. ನಮ್ಮ ಜೈನ ಮನೆಗಳಲ್ಲಿ ಹಸಿಶುಂಠಿ ನಡೆಯುವುದಿಲ್ಲ, ಒಣಶುಂಠಿ ನಡೆಯುತ್ತದೆ. ಬೆಲ್ಲದ ಜೊತೆ ಕುಟ್ಟಿ ಉಂಡೆ ಕಟ್ಟಿಕೊಂಡರೆ ಧರ್ಮವೂ ಉಳಿಯಿತು, ಹೊಟ್ಟೆಯೂ ನಿಂತಿತು. ದೋಣಿಯ ಊಟದಲ್ಲಿ ಉಳ್ಳಾಗಡ್ಡಿ, ಬಟಾಟೆ ಇದ್ದೇ ಇರುತ್ತವೆ. ದಶಮಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಸೂರ್ಯ ಮುಳುಗುವ ಮುಂಚೆ ಉಣ್ಣುವವರಿಗೆ ರಾತ್ರಿ ಡೈವ್ ಮಾತ್ರ ಸ್ವಲ್ಪ ಕಷ್ಟ.

10. ಗುಡುಗು ಕೇಳಿದರೆ ಮುಗಿಯಿತು

ಬಯಲು ಕಡಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ದೋಣಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವ ತನಕ ನೀರಿನ ಸುದ್ದಿ ಬೇಡ.

11. ಕೆಸರಲ್ಲಿ ಜೊತೆಗಾರ ಕಾಣದಿದ್ದರೆ ಒಂದೇ ನಿಮಿಷ

ಸೆಪ್ಟೆಂಬರಿನಲ್ಲಿ ತಾರ್ಕರ್ಲಿ ತೆರೆದ ಮೇಲೆ ಹಸ್ತ ಚಿತ್ತಾ ಮಳೆಗೆ ಹೋಗುವವರಿಗೆ ಈ ಮಾತು. ನಮ್ಮ ಕೃಷ್ಣೆ ವಾರಣೆಯ ಕೆಸರು ಮೂಡಣಕ್ಕೆ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ, ಅದರ ಚಿಂತೆ ಇಲ್ಲ. ಆದರೆ ಘಟ್ಟದ ಆಚೆ ಹುಟ್ಟಿದ ಕರ್ಲಿ ಹೊಳೆ ದೇವಬಾಗದಲ್ಲಿ ಕಡಲು ಸೇರುತ್ತದೆ, ತಾರ್ಕರ್ಲಿಗೆ ಹೆಸರು ಬಂದದ್ದೂ ಅದರಿಂದಲೇ. ಒಂದು ಜೋರು ಮಳೆ ಆದರೆ ನೀರು ಮಜ್ಜಿಗೆ. ಮೇಲೆ ತೇಲುವ ಹೊಳೆಯ ಸಿಹಿನೀರು ಕೆಳಗಿನ ಉಪ್ಪುನೀರಿಗೆ ಕೂಡುವಲ್ಲಿ ಎಣ್ಣೆ ಕಲಸಿದಂತೆ ಕಣ್ಣು ಮಂಜಾಗುತ್ತದೆ. ಮಾಸ್ಕ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಜೊತೆಗಾರ ತಪ್ಪಿದರೆ ಒಂದು ನಿಮಿಷ ಸುತ್ತ ನೋಡಿ, ಆಮೇಲೆ ನಿಧಾನ ಮೇಲೆ ಬನ್ನಿ. ಹುಡುಕುತ್ತ ಮುಂದೆ ಹೋಗುವವನನ್ನೇ ಕೊನೆಗೆ ಎಲ್ಲರೂ ಹುಡುಕುತ್ತಾರೆ.

12. ಘಟ್ಟ ಹತ್ತುವ ಮುಂಚೆ ಒಂದು ರಾತ್ರಿ ನಿದ್ದೆ

ಇದನ್ನು ಮಾಲವಣದಲ್ಲಿ ಎಷ್ಟೋ ಮಂದಿ ಹೇಳುವುದೇ ಇಲ್ಲ. ವಿಮಾನ ಹತ್ತುವ ಮುನ್ನ ಒಂದೇ ಡೈವ್ ಆಗಿದ್ದರೆ 12 ಗಂಟೆ, ದಿನಾ ಮಾಡಿದ್ದರೆ 18 ಗಂಟೆ ಕಾಯಬೇಕು ಅನ್ನುವುದು ಹಲವರಿಗೆ ಗೊತ್ತು. ಆಳದಲ್ಲಿ ರಕ್ತಕ್ಕೆ ಇಳಿದ ನೈಟ್ರೋಜನ್, ಒತ್ತಡ ಒಮ್ಮೆಗೇ ಇಳಿದರೆ ಗೋಲಿ ಸೋಡಾ ಒಡೆದಂತೆ ಗುಳ್ಳೆಯಾಗುತ್ತದೆ. ಆದರೆ ಈ ಲೆಕ್ಕ ಶುರುವಾಗುವುದು ವಿಮಾನದಿಂದಲ್ಲ, ಸುಮಾರು 600 ಮೀಟರ್ ಎತ್ತರದಿಂದ. ಅಂಬೋಲಿ ಘಟ್ಟದ ನೆತ್ತಿ 690 ಮೀಟರಿನ ಹತ್ತಿರ. ನೇತ್ರಾಣಿಯಿಂದ ಮರಳುವವರಿಗೆ ಹುಬ್ಬಳ್ಳಿ ಊರೇ 600 ದಾಟಿದೆ. ಮಧ್ಯಾಹ್ನ ಎರಡು ಡೈವ್ ಮುಗಿಸಿ, ಮಳೆಯಲ್ಲಿ ಘಟ್ಟ ಹತ್ತಿ, ರಾತ್ರಿ ಸಾಂಗ್ಲಿಯಲ್ಲಿ ಊಟ ಮಾಡಿದೆವು ಅಂತ ಕೊಚ್ಚಿಕೊಳ್ಳುವವರಿದ್ದಾರೆ. ಕೀಲು ನೋವು, ಕೈಕಾಲು ಜೋಮು, ವಿಪರೀತ ದಣಿವು ಬಂದರೆ ‘ಪ್ರವಾಸದ ಆಯಾಸ’ ಅಂತ ಮಲಗುತ್ತಾರೆ. ಅದು ಆಸ್ಪತ್ರೆಯ ಕೆಲಸ. ಬೇಕಾದೀತೆಂದು ಒತ್ತಡ ಕೋಣೆ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಡೈವಿಂಗ್ ವಿಮೆ ಮಾಡಿಸಿ. ಸಾದಾ ಪ್ರವಾಸ ವಿಮೆಯ ಸಣ್ಣಕ್ಷರಗಳಲ್ಲಿ ಸ್ಕೂಬಾ ಹೊರಗಿರುವುದು ಹೆಚ್ಚು.

13. ಐರ್ವಿನ್ ಪೂಲು ನೋಡಿ ಟಿಕೆಟ್ ತೆಗೆಯಿರಿ

ಮಳೆಗಾಲದಲ್ಲಿ ಮನೆಯೂ ಒಂದು ದೋಣಿ. ಸಾಂಗ್ಲಿಯ ಐರ್ವಿನ್ ಪೂಲಿನ, ಅಂದರೆ ಸೇತುವೆಯ, ಹತ್ತಿರ ಕೃಷ್ಣೆಯ ನೀರು 40 ಅಡಿ ಆದರೆ ಎಚ್ಚರಿಕೆ, 45 ಅಡಿ ಆದರೆ ಅಪಾಯ. 2019ರ ಆಗಸ್ಟಿನಲ್ಲಿ ಕೃಷ್ಣೆ 57 ಅಡಿ ಮೀರಿದ್ದಳು. 2021ರ ಜುಲೈಯಲ್ಲಿ ಮತ್ತೆ ಅದೇ ಕತೆ. ಸಮಡೋಳಿಗೆ ಕೃಷ್ಣೆಯೊಬ್ಬಳೇ ಅಲ್ಲ, 34 ಟಿಎಂಸಿಯ ಚಾಂದೋಲಿಯಿಂದ ಬಿಟ್ಟ ನೀರು ವಾರಣೆಯಲ್ಲಿ ಬರುತ್ತದೆ, ಹರಿಪುರದ ಸಂಗಮದಲ್ಲಿ ಕೃಷ್ಣೆ ತುಂಬಿದ್ದರೆ ಅದು ಮುಂದೆ ಹೋಗದೆ ನಮ್ಮ ಕಡೆಗೇ ಒತ್ತುತ್ತದೆ. ಜುಲೈ ಕೊನೆ, ಆಗಸ್ಟ್ ಮೊದಲ ಪಕ್ಷ ನಾನು ಊರು ಬಿಡುವುದಿಲ್ಲ. ಮಿರಗ ಆರಿದ್ರಾದಲ್ಲಿ ಹೋಗಿಬರುತ್ತೇನೆ, ಇಲ್ಲವೆ ಹುಬ್ಬಾ ಕೂಡಿದ ಮೇಲೆ. ತಾರೀಖು ಬದಲಿಸಬಹುದಾದ ಟಿಕೆಟ್ಟೇ ತೆಗೆಯಿರಿ, ಐದು ದಿನದ ಡೈವ್‌ಗೆ ಏಳು ದಿನ ಇಟ್ಟುಕೊಳ್ಳಿ. ಕಡಲು ಒಲ್ಲೆ ಅಂದ ದಿನ ಗಾಳಿ ಬಿದ್ದೀತೆಂದು ದಂಡೆಯಲ್ಲಿ ಕಾಯುವುದೂ ಲೆಕ್ಕದಲ್ಲಿರಲಿ.

14. ಮೀನಿಗೆ ಬ್ರೆಡ್ ಹಾಕಬೇಡಿ

ಫೋಟೋಗೆ ಮೀನು ಮುತ್ತಲಿ ಅಂತ ಬಿಸ್ಕೀಟು, ಬ್ರೆಡ್ ಚೂರು ಮಾಡುವ ಮಾರ್ಗದರ್ಶಿಗಳು ಇದ್ದಾರೆ. ಬೇಡ ಅನ್ನಿ. ಹವಳ ಕಲ್ಲಲ್ಲ, ಸಾವಿರಾರು ಸಣ್ಣ ಜೀವಗಳ ಮನೆ. ಕಾಲೂರಿದರೆ ಹತ್ತಾರು ವರ್ಷ ಬೆಳೆದದ್ದು ಮುರಿಯುತ್ತದೆ. ಜೀವ ತುಳಿಯಬಾರದೆಂಬುದು ನಮ್ಮೂರಿಗೆ ಹಳೆಯ ಪಾಠ: ಭೋಜ ಗ್ರಾಮದ ಮನೆತನದಿಂದ ಬಂದ ಜೈನ ಮುನಿ ಶಾಂತಿಸಾಗರರಿಗೆ 1924ರಲ್ಲಿ ಆಚಾರ್ಯ ಪದವಿ ಸಂದದ್ದು ನಮ್ಮೂರಲ್ಲಿ. ಮಳೆಗಾಲದಲ್ಲಿ ನೆಲದ ತುಂಬ ಜೀವ ಹುಟ್ಟುತ್ತವೆ, ತುಳಿಯಬಾರದು ಅಂತ ಚಾತುರ್ಮಾಸದಲ್ಲಿ ಮುನಿಗಳು ಒಂದೇ ಕಡೆ ನಿಲ್ಲುತ್ತಾರೆ. ನಾನು ನಿಲ್ಲಲಿಲ್ಲ, ಆ ತಪ್ಪು ನನ್ನದು. ಕಾಲಾದರೂ ಎಲ್ಲೂ ಊರದೆ ತೇಲುತ್ತೇನೆ. ‘ಮಾಲವಣಕ್ಕೆ ಹೋಗಿ ಮೀನು ತಿನ್ನದೆ ಬಂದ್ಯಾ?’ ಅಂತ ಸಾಂಗ್ಲಿಯ ಗೆಳೆಯರು ಕೇಳಿದರೆ, ಅವುಗಳ ಮನೆಗೇ ಹೋಗಿದ್ದೆ, ತಾಟಿನಲ್ಲಿ ಹೇಗೆ ನೋಡಲಿ ಅನ್ನುತ್ತೇನೆ.

15. ಸಾಮಾನು ಒಣಗಿಸುವುದೂ ಪ್ರವಾಸವೇ

ಶ್ರಾವಣದ ಸಮಡೋಳಿಯಲ್ಲಿ ಒಂದು ಧೋತ್ರ ಒಣಗಲು ಎರಡು ದಿನ ಬೇಕು, ವೆಟ್‌ಸೂಟ್‌ಗೆ ನಾಲ್ಕು. ಉಪ್ಪು ಬಿಡುವಂತೆ ಸಿಹಿನೀರಿನಲ್ಲಿ ಎರಡು ಸಲ ನೆನೆಸಿ, ಒಳಮೈ ಹೊರಗೆ ಮಾಡಿ ಗಾಳಿಗೆ ಹಾಕಿ; ಹೊಗೆ, ಒಲೆಯ ಕಾವು ತಾಗಬಾರದು. ಕ್ಯಾಮೆರಾ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಇರಲಿ. ಹೊಸ ಮಾಸ್ಕ್ ಮಂಜಾದರೆ ಒಳಗಾಜಿಗೆ ಟೂತ್‌ಪೇಸ್ಟ್ ತಿಕ್ಕಿ ತೊಳೆಯಿರಿ, ಇಳಿಯುವ ಮುನ್ನ ಉಗುಳು ಸವರಿ. ಇದಕ್ಕಿಂತ ಒಳ್ಳೆಯ ಔಷಧ ನಾನು ಕಂಡಿಲ್ಲ.

ಹೋದ ವರ್ಷ ನನ್ನ ಕರೀ ವೆಟ್‌ಸೂಟನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದೆ. ನಸುಕಿನಲ್ಲಿ ಹಾಲು ಹಿಂಡಲು ಎದ್ದ ಅವ್ವ ಯಾರೋ ನೇಣು ಹಾಕಿಕೊಂಡಿದ್ದಾರೆಂದು ಕಿರುಚಿ ಓಣಿಯನ್ನೇ ಎಬ್ಬಿಸಿದಳು. ಈಗ ಅದು ದನದ ಕೊಟ್ಟಿಗೆಯ ಹಿಂದೆ ಒಣಗುತ್ತದೆ.